ಎಸ್ಸಿಯೆನ್‌ನ ನಿಜವಾದ ಜಾಗ ಯಾವುದು? ಎಲ್ಲೆಂದರಲ್ಲಿ ಆಡಿಸಿ ಕೆಡಿಸಿದರಾ, ಮೊಣಕಾಲೇ ಕೈಕೊಟ್ಟಿತಾ?

ಬಲಮಿಡ್

ಘಾನಾದ ಮಿಡ್‌ಫೀಲ್ಡರ್ ಮೈಕೆಲ್ ಎಸ್ಸಿಯೆನ್ ಹೆಸರು ಬಂದಾಗಲೆಲ್ಲ ಇಲ್ಲಿ ಎರಡೇ ಸಾಲು ಬೀಳುತ್ತೆ. "ಏನ್ ಪವರ್ ಗುರು", ಆಮೇಲೆ "ಪಾಪ, ಇಂಜುರಿ". ಅಲ್ಲಿಗೆ ಮುಗೀತು. ಒಂದ್ಸಲ ಸರಿಯಾಗಿ ಜಗಳ ಆಡಿಬಿಡೋಣ ಅಂತ ಈ ಎಳೆ.

2005ರ ಆಗಸ್ಟ್‌ನಲ್ಲಿ ಚೆಲ್ಸಿ 24.4 ಮಿಲಿಯನ್ ಪೌಂಡ್ ಸುರಿದು ಲಿಯೋನ್‌ನಿಂದ ಇವನನ್ನ ತಂತು. ಆವತ್ತಿನ ಮಟ್ಟಿಗೆ ಕ್ಲಬ್ಬಿನ ಅತಿ ದುಬಾರಿ ಖರೀದಿ. ವಯಸ್ಸು 22, ಫ್ರೆಂಚ್ ಲೀಗಿನ ವರ್ಷದ ಆಟಗಾರ. ಅಂಥವನಿಗೆ ಒಂದು ಜಾಗ ಕೊಟ್ಟು ಬಿಡೋದು ಬಿಟ್ಟು ಏನು ಮಾಡಿದರು? ಮಕೆಲೆಲೆ ಇಲ್ಲದಿದ್ದರೆ ಹೋಲ್ಡಿಂಗ್, ಅಂದರೆ ಡಿಫೆನ್ಸ್ ಮುಂದೆ ನಿಂತು ಕಾಯೋ ಕೆಲಸ. ಟೆರ್ರಿಗೆ ಬೆನ್ನುನೋವು ಅಂದರೆ ಸೆಂಟರ್ ಬ್ಯಾಕ್. ಬಲಗಡೆ ತೂತು ಬಿದ್ದರೆ ರೈಟ್ ಬ್ಯಾಕ್. ಮ್ಯಾಡ್ರಿಡ್‌ಗೆ ಲೋನ್ ಮೇಲೆ ಹೋದಾಗ ಲೆಫ್ಟ್ ಬ್ಯಾಕ್ ಕೂಡ ಆಯ್ತು. ಚೆಲ್ಸಿ ಲೀಗ್ ಲೆಕ್ಕ 168 ಪಂದ್ಯ, 17 ಗೋಲು. ಅವನು ಹೊಡೆದ ಗೋಲುಗಳ ಗುಣಮಟ್ಟ ನೋಡಿದರೆ ಆ 17 ತೀರಾ ಕಡಿಮೆ ಅನ್ನಿಸಲ್ವಾ?

ನನ್ನ ಪ್ರಕಾರ ಅವನು ಅಪ್ಪಟ 8, ಅಂದರೆ ಹಿಂದೆ ಮುಂದೆ ಎರಡೂ ಕಡೆ ಓಡುವ ಮಿಡ್‌ಫೀಲ್ಡರ್. ಉಳಿದದ್ದೆಲ್ಲ ಮ್ಯಾನೇಜರ್‌ಗಳ ಅನುಕೂಲ.

ಹಳೇಬ್ಲೂಸ್

8 ಸರಿ. ಕೆಡಿಸಿದರು ಅನ್ನೋದು ತಪ್ಪು.

ಮ್ಯಾನೇಜರ್ ಮೊರಿನ್ಹೊ ಕಾಲದ 4-3-3ರಲ್ಲಿ ಕೆಳಗೆ ಮಕೆಲೆಲೆ, ಎಡಕ್ಕೆ ಲ್ಯಾಂಪಾರ್ಡ್, ಬಲಕ್ಕೆ ಎಸ್ಸಿಯೆನ್. ಲ್ಯಾಂಪಾರ್ಡ್ ಬಾಕ್ಸ್ ಒಳಗೆ ನುಗ್ಗಬೇಕು, ಅದೇ ಆ ತಂಡದ ಗೋಲಿನ ದಾರಿ. ಅಂದಮೇಲೆ ಇನ್ನೊಬ್ಬ 8 ಹಿಂದೆ ನಿಲ್ಲಲೇಬೇಕು. ರೈಟ್ ಬ್ಯಾಕ್ ಮುಂದೆ ಹೋದಾಗ ಆ ಜಾಗ ಮುಚ್ಚೋದು, ಎದುರಾಳಿ ಲೆಫ್ಟ್ ಬ್ಯಾಕ್ ಚೆಂಡು ತಗೊಂಡ ಕ್ಷಣ ಒತ್ತಡ ಹಾಕೋದು, ಚೆಂಡು ಕಳೆದುಕೊಂಡ ಐದು ಸೆಕೆಂಡಿನಲ್ಲಿ ಮೊದಲ ಡಿಕ್ಕಿ ಕೊಡೋದು, ಇದೆಲ್ಲ ಎಸ್ಸಿಯೆನ್ ಪಾಲು. 17 ಗೋಲಿಗೆ ಕಾರಣ ಇದು. ಲ್ಯಾಂಪಾರ್ಡ್‌ನ ಗೋಲುಗಳ ಹಿಂದೆ ಇವನು ಬಿಟ್ಟುಕೊಟ್ಟ ಓಟಗಳಿವೆ.

ಕೋರ್ಸಿಕಾ ಕನ್ನಡಿಗ

ಎಲ್ಲರೂ ಚೆಲ್ಸಿಯಿಂದಲೇ ಶುರು ಮಾಡ್ತೀರಲ್ಲ, ಅದೇ ತೊಂದರೆ. ಅಕ್ರಾದ ಲಿಬರ್ಟಿ ಪ್ರೊಫೆಷನಲ್ಸ್ ಹುಡುಗ ಅವನು. 1999ರಲ್ಲಿ ನ್ಯೂಜಿಲೆಂಡ್‌ನಲ್ಲಿ ನಡೆದ 17ರೊಳಗಿನವರ ವಿಶ್ವಕಪ್‌ನಲ್ಲಿ ಘಾನಾ ಮೂರನೇ ಸ್ಥಾನ ಪಡೆದಾಗಲೇ ಯುರೋಪಿನ ಕಣ್ಣು ಬಿದ್ದಿತ್ತು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಟ್ರಯಲ್ಸ್ ಆಯ್ತು, ವರ್ಕ್ ಪರ್ಮಿಟ್ ಸಿಗುವ ಹಾಗಿರಲಿಲ್ಲ, ಬೆಲ್ಜಿಯಂನ ಆಂಟ್ವೆರ್ಪ್‌ಗೆ ಕಳಿಸಿ ಇಟ್ಟುಕೊಳ್ಳೋಣ ಅನ್ನೋ ಯೋಚನೆ ಇತ್ತು. ಕೊನೆಗೆ 2000ದಲ್ಲಿ ಬಾಸ್ಟಿಯಾಗೆ ಹೋದ.

ಬಾಸ್ಟಿಯಾದಲ್ಲಿ ಮೊದಮೊದಲು ಆಡಿಸಿದ್ದೇ ಡಿಫೆನ್ಸ್‌ನಲ್ಲಿ. ಮಿಡ್‌ಫೀಲ್ಡ್ ಆಮೇಲೆ ಸಿಕ್ಕಿದ್ದು. ಮೂರು ಸೀಸನ್, ಲೀಗ್‌ನಲ್ಲಿ 66 ಪಂದ್ಯ, 11 ಗೋಲು. 2002ರ ಫ್ರೆಂಚ್ ಕಪ್ ಫೈನಲ್ ತನಕ ಹೋಗಿ ಲೋರಿಯಾಂ ವಿರುದ್ಧ 1-0ಗೆ ಸೋತರು. ಹಾಗಾಗಿ "ಚೆಲ್ಸಿಯವರು ಡಿಫೆಂಡರ್ ಮಾಡಿಬಿಟ್ಟರು" ಅನ್ನೋ ಮಾತು ನಿಲ್ಲಲ್ಲ. ಆ ಪಾಠ ಕಲಿತುಕೊಂಡೇ ಲಂಡನ್‌ಗೆ ಬಂದಿದ್ದ.

ಬಲಮಿಡ್

ಚಿಕ್ಕವನಿದ್ದಾಗ ಡಿಫೆನ್ಸ್ ಆಡಿದ್ದಕ್ಕೂ 24 ಮಿಲಿಯನ್ ಕೊಟ್ಟಮೇಲೆ ಸ್ಟೆಪ್ನಿ ಥರ ಬಳಸೋದಕ್ಕೂ ವ್ಯತ್ಯಾಸ ಇದೆ.

ಧಾರವಾಡ ಡಿಫೆಂಡರ್

ಅಲ್ರೀ, ಸ್ಟೆಪ್ನಿ ಅಂತ ಹೆಂಗ್ ಅಂತೀರಿ? 2006-07ರಾಗ ಚೆಲ್ಸಿ ಅಭಿಮಾನಿಗಳು ವರ್ಷದ ಆಟಗಾರ ಅಂತ ಆರಿಸಿದ್ದು ಇವನ್ನ. ಆ ಸೀಸನ್ ಲೀಗ್‌ನಾಗ 33 ಪಂದ್ಯ ಆಡ್ಯಾನ. ಸೆಂಟರ್ ಬ್ಯಾಕ್ ಆಡಿದ್ದೂ ಅದ ಸೀಸನ್. ಮಿಡ್‌ಫೀಲ್ಡರ್ ಹೋಗಿ ಸೆಂಟರ್ ಬ್ಯಾಕ್ ನಿಂತ್ರೆ ಸಾಮಾನ್ಯವಾಗಿ ಎರಡು ತಪ್ಪು ಆಗ್ತಾವ. ಒಂದು, ಚೆಂಡಿನ ಹಿಂದ ಓಡಿ ಲೈನ್ ಮುರೀತಾರ. ಎರಡು, ಕ್ರಾಸ್ ಬಂದಾಗ ಚೆಂಡು ಅಷ್ಟ ನೋಡ್ತಾರ, ಬೆನ್ನ ಹಿಂದಿರೋ ಮನುಷ್ಯನ್ನ ಬಿಟ್ಟುಬಿಡ್ತಾರ. ಎಸ್ಸಿಯೆನ್‌ಗ ಮೊದಲ್ನೇದು ಭಾಳ ಕಮ್ಮಿ. ಎರಡನೇದು ಇತ್ತು, ಮಾಸ್ಕೋದಾಗ ಅದ ಹೊಡೀತು.

ಹಳೇಬ್ಲೂಸ್

ಮಾಸ್ಕೋ ಬಂತಾ? ಸರಿ, ಹೇಳೇಬಿಡೋಣ. 2008ರ ಮೇ 21, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. ಎಸ್ಸಿಯೆನ್ ರೈಟ್ ಬ್ಯಾಕ್, ಎದುರಿಗೆ ರೊನಾಲ್ಡೊ. 26ನೇ ನಿಮಿಷ, ವೆಸ್ ಬ್ರೌನ್ ಕ್ರಾಸ್, ದೂರದ ಕಂಬದ ಕಡೆ ರೊನಾಲ್ಡೊ ಹೆಡರ್, ಗೋಲು. ಎಸ್ಸಿಯೆನ್ ನೆಲದ ಮೇಲೇ ಇದ್ದ ಅಂತಲೇ ಹೇಳಬಹುದು.

ಆದರೆ ಅದೇ ಪಂದ್ಯದಲ್ಲಿ 45ನೇ ನಿಮಿಷದ ಗೋಲು ಯಾರ ಕಾಲಿಂದ ಶುರುವಾಯ್ತು? ಎಸ್ಸಿಯೆನ್ ದೂರದಿಂದ ಹೊಡೆದ ಶಾಟ್ ಡಿಫೆಂಡರ್‌ಗಳಿಗೆ ತಾಗಿ ತಿರುಗಿ ಲ್ಯಾಂಪಾರ್ಡ್ ಮುಂದೆ ಬಿತ್ತು. ಒಂದು ಕೊಟ್ಟ, ಒಂದು ತಂದ.

ಪಣಂಬೂರು ಪ್ರೆಸ್

ರೊನಾಲ್ಡೊ ಅಷ್ಟು ಎತ್ತರ ಹಾರಿದ ಮೇಲೆ ಯಾವ ರೈಟ್ ಬ್ಯಾಕ್ ಆದ್ರೂ ಎಂತ ಮಾಡುದು ಮಾರಾಯ್ರೆ?

ಧಾರವಾಡ ಡಿಫೆಂಡರ್

ಹಾರೂದಕ್ಕಿಂತ ಮೊದಲ ಮೈಗೆ ಮೈ ತಾಗಿಸಬೇಕ್ರೀ. ಕೈ ಹಿಡಿಯೂದಲ್ಲ, ಎದುರಾಳಿ ಓಟ ಶುರು ಮಾಡೂ ಮುಂಚೆ ಅವನ ದಾರಿಯೊಳಗ ನಿಲ್ಲೂದು. ಓಟ ಸಿಕ್ಕಮ್ಯಾಗ ಮುಗೀತು, ನಿಂತಲ್ಲೇ ಹಾರಾವ ಓಡಿಬಂದು ಹಾರಾವನ್ನ ಮುಟ್ಟಂಗಿಲ್ಲ. ಹುಟ್ಟಾ ರೈಟ್ ಬ್ಯಾಕ್‌ಗೆ ಇದು ಅಭ್ಯಾಸದಿಂದ ಬಂದಿರ್ತದ. ಮಿಡ್‌ಫೀಲ್ಡರ್‌ಗೆ ಇಂಥಾ ಕ್ರಾಸ್ ವಾರಕ್ಕೊಮ್ಮೆನೂ ಬರಂಗಿಲ್ಲ.

ಫಿಸಿಯೊ ಟೇಬಲ್

ಜಾಗದ ಜಗಳ ಮಾಡ್ತಾ ಇರಿ, ನಾನು ಮೊಣಕಾಲಿನ ಕಡೆ ಬರ್ತೀನಿ. ಅಸಲಿ ವಿಷಯ ಅಲ್ಲಿದೆ.

ಮೊದಲು ಗಾಯಗಳ ಸಾಲು. 2008ರ ಸೆಪ್ಟೆಂಬರ್‌ನಲ್ಲಿ ಲಿಬಿಯಾ ವಿರುದ್ಧ ಘಾನಾ ಪರ ಆಡುವಾಗ ಮೊಣಕಾಲೊಳಗಿನ ಕ್ರೂಸಿಯೇಟ್ ಲಿಗಮೆಂಟ್ ಹರಿಯಿತು. 2009ರ ಡಿಸೆಂಬರ್‌ನಲ್ಲಿ ಅಪೊಯೆಲ್ ಪಂದ್ಯದಲ್ಲಿ ಗೋಲು ಹೊಡೆದು, ಅದೇ ಪಂದ್ಯದಲ್ಲಿ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆ ಹಿಂಬದಿಯ ಸ್ನಾಯು. ಮರುತಿಂಗಳೇ ಅಂಗೋಲಾದ ಆಫ್ರಿಕನ್ ಕಪ್‌ಗೆ ಹೋಗಿ ತರಬೇತಿಯಲ್ಲಿ ಮೊಣಕಾಲು, ಅದರಿಂದ 2010ರ ವಿಶ್ವಕಪ್ ತಪ್ಪಿತು. 2011ರ ಜುಲೈನಲ್ಲಿ ಸೀಸನ್ ಶುರುವಾಗುವ ಮೊದಲೇ ಚೆಲ್ಸಿ ತರಬೇತಿಯಲ್ಲಿ ಮತ್ತೆ ಕ್ರೂಸಿಯೇಟ್, ಜೊತೆಗೆ ಮೆನಿಸ್ಕಸ್.

ಈಗ ಇದು ಆಟದಲ್ಲಿ ಏನು ಕಿತ್ತುಕೊಳ್ಳುತ್ತೆ ಅಂತ. ಮುಂಭಾಗದ ಕ್ರೂಸಿಯೇಟ್ ಲಿಗಮೆಂಟ್ ಕೆಲಸ, ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಚದ ಹಾಗೆ ಹಿಡಿದಿಡೋದು. ಹೆಚ್ಚಿನ ಸಲ ಯಾರೂ ಮುಟ್ಟದೇ ಹರಿಯುತ್ತೆ. ಪಾದ ನೆಲದಲ್ಲಿ ನೆಟ್ಟಿರುತ್ತೆ, ಮೊಣಕಾಲು ಸ್ವಲ್ಪ ಮಡಚಿ ಒಳಕ್ಕೆ ವಾಲಿರುತ್ತೆ, ಮೈ ಇನ್ನೊಂದು ಕಡೆ ತಿರುಗುತ್ತೆ. ಅಷ್ಟೇ. ಸರ್ಜರಿಯಲ್ಲಿ ಮಂಡಿಚಿಪ್ಪಿನ ಕೆಳಗಿನ ಟೆಂಡನ್‌ನ ನಡುವಿನ ಪಟ್ಟಿ ಅಥವಾ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ತೆಗೆದು ಅಲ್ಲಿ ಕೂರಿಸ್ತಾರೆ. ಕೂರಿಸಿದ ತಕ್ಷಣ ಅದು ಲಿಗಮೆಂಟ್ ಆಗಿಬಿಡಲ್ಲ. ಮೊದಲ ಕೆಲವು ತಿಂಗಳು ಅದು ದುರ್ಬಲವಾಗ್ತಾ ಹೋಗಿ, ಹೊಸ ರಕ್ತನಾಳ ಹೊಕ್ಕು, ಆಮೇಲೆ ಗಟ್ಟಿಯಾಗುತ್ತೆ. ಈಗ ಒಂಬತ್ತು ತಿಂಗಳಿಗಿಂತ ಮೊದಲು ಬಿಡಬೇಡಿ ಅಂತಾರೆ. ಜೊತೆಗೆ ಎರಡೂ ಕಾಲಿನ ತೊಡೆ ಬಲ ಅಳೆದು, ಒಂಟಿಗಾಲಲ್ಲಿ ಹಾರುವ ಪರೀಕ್ಷೆ ಮಾಡಿ, ಗಾಯದ ಕಾಲು ಇನ್ನೊಂದರ 90 ಶೇಕಡಾ ದಾಟಿದರಷ್ಟೇ ಮೈದಾನ. ಎಸ್ಸಿಯೆನ್ 2008ರ ಸೆಪ್ಟೆಂಬರ್‌ನಲ್ಲಿ ಬಿದ್ದವನು 2009ರ ಮಾರ್ಚ್ 10ಕ್ಕೆ ಟುರಿನ್‌ನಲ್ಲಿ ಯುವೆಂಟಸ್ ವಿರುದ್ಧ ಗೋಲು ಹೊಡೀತಿದ್ದ. ಆರು ತಿಂಗಳು.

ಹೋಗುವುದು ಓಟದ ವೇಗವಲ್ಲ. ಬ್ರೇಕ್ ಹೋಗುತ್ತೆ. ಪೂರ್ತಿ ವೇಗದಲ್ಲಿ ಬಂದು ಎರಡು ಹೆಜ್ಜೆಯಲ್ಲಿ ನಿಂತು, ತಿರುಗಿ, ಮತ್ತೆ ಮೊದಲ ಐದು ಮೀಟರ್ ಸಿಡಿಯೋದು. ಇವನ ಆಟ ನಿಂತಿದ್ದೇ ಅದರ ಮೇಲೆ. ಮೆನಿಸ್ಕಸ್ ಹಾಳಾದರೆ ಮೂಳೆಗಳ ನಡುವಿನ ಮೆತ್ತೆ ಕಡಿಮೆಯಾಗಿ ಪಂದ್ಯದ ಮರುದಿನ ಮೊಣಕಾಲು ಊದುತ್ತೆ. ವಾರಕ್ಕೆ ಎರಡು ಪಂದ್ಯ, ನಡುವೆ ತರಬೇತಿ, ಈ ಲಯ ಮುರಿಯುತ್ತೆ. 2011-12ರಲ್ಲಿ ಲೀಗ್‌ನಲ್ಲಿ ಬರೀ 14 ಪಂದ್ಯ.

ಬಲಮಿಡ್

ಇದನ್ನೇ ನನ್ನ ಕಡೆ ತಿರುಗಿಸ್ತೀನಿ ನೋಡಿ. ರೈಟ್ ಬ್ಯಾಕ್ ಆಡುವಾಗ ಉದ್ದುದ್ದ ಓಟ, ಹೋಲ್ಡಿಂಗ್‌ನಲ್ಲಿ ಚಿಕ್ಕ ತಿರುವು, 8ರಲ್ಲಿ ಎರಡೂ. ತಿಂಗಳಿಗೊಂದು ಜಾಗ ಬದಲಾದರೆ ಮೈಮೇಲಿನ ಹೊರೆಯೂ ಬದಲಾಗುತ್ತೆ. ಅದರಿಂದ ಗಾಯ ಆಗಲ್ವಾ?

ಫಿಸಿಯೊ ಟೇಬಲ್

ಹ್ಯಾಮ್‌ಸ್ಟ್ರಿಂಗ್ ಆದರೆ ಒಪ್ಪಬಹುದು. ವೇಗದ ಓಟದ ಪ್ರಮಾಣ ದಿಢೀರ್ ಏರಿದರೆ ಅದು ಹರಿಯುವ ಅಪಾಯ ಜಾಸ್ತಿ. ಕ್ರೂಸಿಯೇಟ್‌ಗೆ ಆ ನಂಟು ಕಟ್ಟಕ್ಕೆ ಬರಲ್ಲ. ಟ್ರಿಪೋಲಿಯಲ್ಲಿ ಆಡಿದ್ದು ಘಾನಾ ಪರ, ಚೆಲ್ಸಿ ಮ್ಯಾನೇಜರ್ ಕೊಟ್ಟ ಜಾಗದಲ್ಲಲ್ಲ.

ಲೆಕ್ಕದಪುಸ್ತಕ

ದೇಶದ ಪರ ಆಡಿ ಬಿದ್ದರೆ ಸಂಬಳ ಯಾರು ಕೊಡ್ತಾರೆ ಅನ್ನೋದು ಇಲ್ಲಿ ಮುಖ್ಯ. ಈಗ ಫಿಫಾದ ಕ್ಲಬ್ ರಕ್ಷಣಾ ಯೋಜನೆ ಇದೆ. ದೇಶದ ಕರ್ತವ್ಯದಲ್ಲಿ ಗಾಯವಾಗಿ 28 ದಿನಕ್ಕಿಂತ ಜಾಸ್ತಿ ಹೊರಗಿದ್ದರೆ ಕ್ಲಬ್‌ಗೆ ಆಟಗಾರನ ಸಂಬಳ ಸಿಗುತ್ತೆ, ಗರಿಷ್ಠ 7.5 ಮಿಲಿಯನ್ ಯೂರೋ. ಅದು ಬಂದಿದ್ದು 2012ರಲ್ಲಿ. 2008ರಲ್ಲಿ ಈ ಯೋಜನೆ ಇರಲಿಲ್ಲ. ಆಫ್ರಿಕನ್ ಆಟಗಾರರನ್ನ ಜನವರಿಯಲ್ಲಿ ಬಿಡಕ್ಕೆ ಕ್ಲಬ್‌ಗಳು ಗೊಣಗ್ತಿದ್ದಿದ್ದು ಸುಮ್ಮನೆ ಅಲ್ಲ.

ಕೋರ್ಸಿಕಾ ಕನ್ನಡಿಗ

ಲೆಕ್ಕ ಬಂತಲ್ಲ, ಇನ್ನೊಂದು ಹೇಳಿ. ಆ 24.4 ಮಿಲಿಯನ್‌ನಲ್ಲಿ ಲಿಬರ್ಟಿಗೆ, ಬಾಸ್ಟಿಯಾಗೆ ಏನಾದರೂ ಸಿಗುತ್ತಾ?

ಲೆಕ್ಕದಪುಸ್ತಕ

ನಿಯಮದ ಪ್ರಕಾರ ಸಿಗಬೇಕು. ಸಾಲಿಡಾರಿಟಿ ಅಂತ ಕರೀತಾರೆ, 2001ರಿಂದ ಇದೆ. ಕರಾರಿನಲ್ಲಿರುವ ಆಟಗಾರ ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾದರೆ ಮೊತ್ತದ 5 ಶೇಕಡಾ ಅವನನ್ನ 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆ.

ಆಗಿನ ನಿಯಮದಲ್ಲಿ 12, 13, 14, 15ನೇ ಹುಟ್ಟುಹಬ್ಬ ಬರುವ ಸೀಸನ್‌ಗಳಿಗೆ ತಲಾ 0.25 ಶೇಕಡಾ. 16ರಿಂದ 23ರವರೆಗೆ ತಲಾ 0.5. 24.4 ಮಿಲಿಯನ್‌ಗೆ ಇಟ್ಟು ನೋಡಿದರೆ ಚಿಕ್ಕ ವಯಸ್ಸಿನ ಒಂದೊಂದು ಸೀಸನ್‌ಗೆ 61,000 ಪೌಂಡ್, ದೊಡ್ಡ ವಯಸ್ಸಿನ ಒಂದೊಂದಕ್ಕೆ 1,22,000. ಎಸ್ಸಿಯೆನ್ ಹುಟ್ಟಿದ್ದು 1982ರ ಡಿಸೆಂಬರ್ 3. ಬಾಸ್ಟಿಯಾದ ಮೂರು ಸೀಸನ್ ಅಂದರೆ ಅವನ 18, 19, 20ನೇ ಹುಟ್ಟುಹಬ್ಬ. ಲೆಕ್ಕ 3,66,000 ಪೌಂಡ್. ಲಿಬರ್ಟಿಯಲ್ಲಿ ನೋಂದಾಯಿತನಾಗಿದ್ದ ಒಂದೊಂದು ಸೀಸನ್‌ಗೂ ಇದೇ ದರ.

ಪಣಂಬೂರು ಪ್ರೆಸ್

ಅಂದ್ರೆ ಚೆಲ್ಸಿ 24.4ರ ಮೇಲೆ ಇನ್ನೂ 5 ಶೇಕಡಾ ಕೊಡ್ಬೇಕಾ?

ಲೆಕ್ಕದಪುಸ್ತಕ

ಇಲ್ಲ. ಒಳಗಿಂದಲೇ ಕಟ್. ಕೊಳ್ಳುವ ಕ್ಲಬ್ ಆ ಪಾಲನ್ನ ಹಿಡಿದು ಬೆಳೆಸಿದವರಿಗೆ ಕೊಡಬೇಕು, ಮಾರುವ ಕ್ಲಬ್‌ಗೆ ಅಷ್ಟು ಕಡಿಮೆ ಹೋಗುತ್ತೆ. ಇವನ ವಿಷಯದಲ್ಲಿ ಪೂರ್ತಿ 5 ಕೂಡ ಕಟ್ ಆಗಲ್ಲ. 23ನೇ ಹುಟ್ಟುಹಬ್ಬದ ಸೀಸನ್ ಚೆಲ್ಸಿಗೇ ಬಂತು, ಹಾಗಾಗಿ 4.5. ಅದರಲ್ಲಿ ಲಿಯೋನ್‌ನ ಎರಡು ಸೀಸನ್ ಪಾಲು ಲಿಯೋನ್‌ಗೇ ಉಳಿಯುತ್ತೆ.

ಆಫ್ರಿಕಾದ ಸಣ್ಣ ಕ್ಲಬ್‌ಗಳು ಎಡವೋದು ಕಾಗದದಲ್ಲಿ. ಹುಡುಗ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನಮ್ಮಲ್ಲಿ ನೋಂದಣಿ ಆಗಿದ್ದ ಅಂತ ದೇಶದ ಫುಟ್‌ಬಾಲ್ ಸಂಸ್ಥೆ ಬರೆದುಕೊಡಬೇಕು. ಅದನ್ನ ಪ್ಲೇಯರ್ ಪಾಸ್‌ಪೋರ್ಟ್ ಅಂತಾರೆ. ಓಣಿ ತಂಡ, ಶಾಲಾ ತಂಡ, ಹೆಸರಿಲ್ಲದ ಅಕಾಡೆಮಿ ಅಂತ ಆಡಿದ ವರ್ಷಗಳಿಗೆ ನೋಂದಣಿಯೇ ಇರಲ್ಲ, ದುಡ್ಡೂ ಇಲ್ಲ. ಆಗೆಲ್ಲ ಕೇಳದೇ ಸುಮ್ಮನಿದ್ದರೆ ಎರಡು ವರ್ಷಕ್ಕೆ ಹಕ್ಕು ಸತ್ತುಹೋಗ್ತಿತ್ತು.

ಕಂಠೀರವ ಗ್ಯಾಲರಿ

ಘಾನಾ ಅಂದ್ರೆ ನಮಗೆ ಅಸಮೋವಾ ಗ್ಯಾನ್! 2019ರ ಅಕ್ಟೋಬರ್, ನಾರ್ತ್ ಈಸ್ಟ್ ಯುನೈಟೆಡ್ ಪರ ಕಂಠೀರವದಲ್ಲೇ ನಮ್ಮ ಬೆಂಗಳೂರು ಎಫ್‌ಸಿ ವಿರುದ್ಧ ಆಡಿ ಹೋದ. 0-0. ವಿಶ್ವಕಪ್‌ನಲ್ಲಿ ಆಫ್ರಿಕಾದ ಅತಿ ಹೆಚ್ಚು ಗೋಲು ಅವನದೇ, 6.

ಬಲಮಿಡ್

ಗ್ಯಾನ್ ಫಾರ್ವರ್ಡ್ ಗುರು. ಬೇರೆ ಎಳೆ ತೆಗಿ.

ಕಂಠೀರವ ಗ್ಯಾಲರಿ

ತೆಗೆಯಲ್ಲ. ಯಾಕಂದ್ರೆ ಒಂದು ಪ್ರಶ್ನೆ ಇದೆ. ಘಾನಾದ ಅತ್ಯುತ್ತಮ ವಿಶ್ವಕಪ್ 2010, ಕ್ವಾರ್ಟರ್ ಫೈನಲ್ ತನಕ. ಅದರಲ್ಲಿ ಎಸ್ಸಿಯೆನ್ ಇರಲಿಲ್ಲ. ಅದೇ ವರ್ಷ ಆಫ್ರಿಕನ್ ಕಪ್ ಫೈನಲ್ ತನಕ ಹೋಗಿ ಈಜಿಪ್ಟ್‌ಗೆ 1-0 ಸೋತರು. ಅಲ್ಲೂ ಅವನು ನಡುವೆಯೇ ಔಟ್. ದೇಶಕ್ಕೆ ಅವನು ಅಷ್ಟು ಬೇಕಿದ್ದನಾ?

ಹಳೇಬ್ಲೂಸ್

ಬೆಂಕಿ ಹಚ್ಚಿ ಹೋಗ್ತೀಯಲ್ಲ.

ಕೋರ್ಸಿಕಾ ಕನ್ನಡಿಗ

2006 ಮರೆತುಬಿಟ್ಟಿರಾ? ಘಾನಾದ ಮೊಟ್ಟಮೊದಲ ವಿಶ್ವಕಪ್. ಇಟಲಿಗೆ 2-0 ಸೋತು, ಚೆಕ್ ಗಣರಾಜ್ಯವನ್ನ 2-0, ಅಮೆರಿಕವನ್ನ 2-1 ಹೊಡೆದು ಮುಂದೆ ಹೋದರು. ಅಪ್ಪಿಯಾ, ಎಸ್ಸಿಯೆನ್, ಮುಂತಾರಿ, ಈ ಮೂವರ ಮಿಡ್‌ಫೀಲ್ಡ್ ಆ ಟೂರ್ನಿಯ ಒಳ್ಳೆ ಮಿಡ್‌ಫೀಲ್ಡ್‌ಗಳಲ್ಲಿ ಒಂದು. ಬ್ರೆಜಿಲ್ ವಿರುದ್ಧ 3-0 ಸೋತ ದಿನ ಎಸ್ಸಿಯೆನ್ ಸ್ಟ್ಯಾಂಡ್‌ನಲ್ಲಿ ಕೂತಿದ್ದ. ಗುಂಪು ಹಂತದಲ್ಲಿ ಎರಡು ಹಳದಿ ಕಾರ್ಡ್.

ಆಗಿನ ನಿಯಮದಲ್ಲಿ ಗುಂಪು ಹಂತ ಮುಗಿದಾಗ ಒಂಟಿ ಹಳದಿ ಅಳಿಸಿಹೋಗ್ತಿತ್ತು, ಎರಡಾಗಿದ್ದರೆ ಮುಂದಿನ ಪಂದ್ಯ ಕಟ್. ಅಮೆರಿಕ ಪಂದ್ಯದಲ್ಲಿ ಆ ಎರಡನೇದು ಬೀಳದೇ ಇದ್ದಿದ್ದರೆ ಬ್ರೆಜಿಲ್ ಎದುರು ಇರ್ತಿದ್ದ. ಆ ಪಂದ್ಯದಲ್ಲಿ ಘಾನಾದ ಡಿಫೆನ್ಸ್ ಲೈನ್ ತುಂಬಾ ಮೇಲಿತ್ತು, ಚೆಂಡು ಕಳೆದುಕೊಂಡ ತಕ್ಷಣ ಪಾಸ್ ಕೊಡುವವನ ಮೇಲೆ ಬೀಳುವವರಿರಲಿಲ್ಲ. ರೊನಾಲ್ಡೊ, ಬ್ರೆಜಿಲಿನ ರೊನಾಲ್ಡೊ, ಐದನೇ ನಿಮಿಷಕ್ಕೇ ಒಳಗೆ.

ಧಾರವಾಡ ಡಿಫೆಂಡರ್

2010ರಾಗ ತಂಡ ಬ್ಯಾರೆ ಇತ್ತರೀ. ಅನ್ನಾನ್ ಕೆಳಗ ನಿಂತು ಬರೇ ಕಸೀತಿದ್ದ, ಬೋಟೆಂಗ್ ಮುಂದ, ಕ್ವಾಡ್ವೊ ಅಸಮೋವಾ ಎಡಕ್ಕ. ಒಬ್ಬ ಮಾಡೂ ಕೆಲಸ ಮೂರು ಮಂದಿ ಹಂಚಿಕೊಂಡ್ರು. ಅದರಿಂದ ಎಸ್ಸಿಯೆನ್ ಬ್ಯಾಡಾಗಿದ್ದ ಅಂತ ಆಗಂಗಿಲ್ಲ. ಉರುಗ್ವೆ ಎದುರು 120 ನಿಮಿಷ ಆಡಿ ಒಂದು ಪೆನಾಲ್ಟಿಯಿಂದ ಹೋತು. ನಡುವ ಇನ್ನೊಬ್ಬ ಗಟ್ಟಿ ಮನುಷ್ಯ ಇದ್ದಿದ್ರ...

ಕಂಠೀರವ ಗ್ಯಾಲರಿ

ಆ ಪೆನಾಲ್ಟಿ ತಪ್ಪಿಸಿದ್ದೂ ಗ್ಯಾನ್. ಎಳೆಗೆ ವಾಪಸ್ ಬಂದೆ ನೋಡಿ.

ಪಣಂಬೂರು ಪ್ರೆಸ್

2008 ಯಾಕೆ ಯಾರೂ ಹೇಳುದಿಲ್ಲ? ಘಾನಾದಲ್ಲೇ ಆದ ಆಫ್ರಿಕನ್ ಕಪ್. ಕ್ವಾರ್ಟರ್ ಫೈನಲ್‌ನಲ್ಲಿ ನೈಜೀರಿಯಾ 1-0 ಮುಂದೆ ಇತ್ತು. ಅರ್ಧ ಆಟ ಮುಗಿಯುವ ಹೊತ್ತಿಗೆ ಎಸ್ಸಿಯೆನ್ ಹೆಡರ್, ಸಮ. ಮತ್ತೆ ಜಾನ್ ಮೆನ್ಸಾಗೆ ಕೆಂಪು ಕಾರ್ಡ್, ಹತ್ತು ಜನ. ಹಾಗಿದ್ದೂ ಅಗೊಗೊ ಗೋಲಿನಿಂದ 2-1 ಗೆದ್ದರು. ಸೆಮಿಯಲ್ಲಿ ಕ್ಯಾಮರೂನ್‌ಗೆ ಸೋತು ಮೂರನೇ ಸ್ಥಾನ. ದೇಶಕ್ಕೆ ಬೇಕಿದ್ದನಾ ಅಂತ ಕೇಳಿದವರು ಆ ಪಂದ್ಯ ನೋಡ್ಬೇಕು.

ಲೆಕ್ಕದಪುಸ್ತಕ

ಪ್ರಶಸ್ತಿ ಲೆಕ್ಕ ಸೇರಿಸಿ. 2006ರ ಬಿಬಿಸಿ ಆಫ್ರಿಕನ್ ಆಟಗಾರ ಇವನೇ. ಆದರೆ ಆಫ್ರಿಕನ್ ಫುಟ್‌ಬಾಲ್ ಒಕ್ಕೂಟದ ಪ್ರಶಸ್ತಿಯಲ್ಲಿ ಮೊದಲ ಮೂವರಲ್ಲಿ ಮತ್ತೆ ಮತ್ತೆ ಬಂದ, ಒಮ್ಮೆಯೂ ಗೆಲ್ಲಲಿಲ್ಲ. ಅದೇ ಕಾಲಕ್ಕೆ ಎಟೊ, ಡ್ರೋಗ್ಬಾ ಇದ್ದರು. ಗೋಲು ಹೊಡೆಯುವವನಿಗೇ ಓಟು ಬೀಳೋದು. ಘಾನಾ ಮಿಡ್‌ಫೀಲ್ಡರ್ ಅಬೇದಿ ಪೆಲೆ ಗೆದ್ದಿದ್ದ, ಆದರೆ ಅವನು ಆಡ್ತಿದ್ದಿದ್ದು ಫಾರ್ವರ್ಡ್‌ಗಳ ಬೆನ್ನಿಗೇ ಅಂಟಿಕೊಂಡು.

ಹಳೇಬ್ಲೂಸ್

ಗೋಲು ಅಂದ ಮೇಲೆ ಆರ್ಸೆನಲ್ ಗೋಲು ಬಿಡಕ್ಕಾಗಲ್ಲ. 2006ರ ಡಿಸೆಂಬರ್ 10, ಸ್ಟ್ಯಾಂಫರ್ಡ್ ಬ್ರಿಡ್ಜ್. ಫ್ಲಾಮಿನಿ ಹೊಡೆದು ಆರ್ಸೆನಲ್ 1-0. 84ನೇ ನಿಮಿಷ, ಬಾಕ್ಸಿನಿಂದ ಸಾಕಷ್ಟು ಹೊರಗೆ, ಚೆಂಡು ಉರುಳಿ ಬರ್ತಿದೆ. ಬಲಗಾಲಿನ ಹೊರಮೈಯಿಂದ ಹೊಡೀತಾನೆ. ಚೆಂಡು ಗೋಲ್‌ಕೀಪರ್ ಲೇಮನ್ ಕೈಯಿಂದ ದೂರ ದೂರ ಸರಿಯುತ್ತಾ ಬಲೆಗೆ.

ಬಲಗಾಲಿನ ಹೊರಮೈ ಅಂದರೆ ಕಿರುಬೆರಳ ಕಡೆಯ ಮೂರು ಬೆರಳಿನ ಭಾಗ. ಚೆಂಡಿನ ನಡುವಿಗಿಂತ ಸ್ವಲ್ಪ ಎಡಕ್ಕೆ ತಾಗಬೇಕು, ಕಾಲು ಬಲದಿಂದ ಎಡಕ್ಕೆ ಅಡ್ಡ ಬೀಸಬೇಕು. ಆಗ ಎಡಕ್ಕೆ ಹೊರಟ ಚೆಂಡು ಬಲಕ್ಕೆ ತಿರುಗುತ್ತೆ. ಕಷ್ಟ ಏನಂದ್ರೆ ಪಾದವನ್ನ ಒಳಕ್ಕೆ ತಿರುಗಿಸಿ ಹರಡು ಬಿಗಿ ಹಿಡಿಯಬೇಕು. ಹರಡು ಸಡಿಲವಾದರೆ ಚೆಂಡು ಸುತ್ತುತ್ತೆ, ವೇಗ ಇರಲ್ಲ. ಇವನು ಅಷ್ಟು ದೂರದಿಂದ ಪೂರ್ತಿ ವೇಗದಲ್ಲಿ ಹೊಡೆದ. ಹಿಂದಕ್ಕೆ ಬೀಸುವ ಕಾಲು ನೋಡಿ, ತೀರಾ ಚಿಕ್ಕದು. ಗೋಲ್‌ಕೀಪರ್‌ಗೆ ಸುಳಿವೇ ಸಿಗಲ್ಲ.

ಬಲಮಿಡ್

ಇದೇ, ಇದೇ! ಇಂಥ ಕಾಲು ಇರುವವನನ್ನ ರೈಟ್ ಬ್ಯಾಕ್ ಆಡಿಸ್ತಾರೆ.

ಹಳೇಬ್ಲೂಸ್

2007ರ ಏಪ್ರಿಲ್, ವೇಲೆನ್ಸಿಯಾ, ಮೆಸ್ತಾಯಾ. ಎರಡನೇ ಅರ್ಧದಲ್ಲಿ ಬಲಗಡೆ ಹಿಂದಕ್ಕೆ ಹೋಗಿ ಅಲ್ಲಿಂದಲೇ ಬಂದು 90ನೇ ನಿಮಿಷದಲ್ಲಿ ಗೋಲು. 2-1, ಸೆಮಿಫೈನಲ್. ಎಲ್ಲಿ ನಿಲ್ಲಿಸಿದರೇನು?

ಧಾರವಾಡ ಡಿಫೆಂಡರ್

ನನ್ನ ಕೇಳಿದ್ರ ಅವನ ಅತ್ಯುತ್ತಮ ಪಂದ್ಯ ಗೋಲಿಲ್ಲದ್ದು. 2009ರ ಏಪ್ರಿಲ್ 8, ಲಿವರ್‌ಪೂಲ್‌ನ ಆನ್‌ಫೀಲ್ಡ್. ಚೆಲ್ಸಿ ಮ್ಯಾನೇಜರ್ ಹಿಡಿಂಕ್ ಬರೇ ಒಂದ ಕೆಲಸ ಕೊಟ್ಟ, ಜೆರಾರ್ಡ್ ಹಿಂದ ಹೋಗು ಅಂತ. ಜೆರಾರ್ಡ್ ಆಗ ಟಾರೆಸ್ ಹಿಂದ ಸಾಲುಗಳ ನಡುವ ಆಡ್ತಿದ್ದ. ಎಸ್ಸಿಯೆನ್ ಮೈಗೆ ಅಂಟಿಕೊಂಡು ಓಡಲಿಲ್ಲ, ಒಂದೂವರೆ ಗಜ ಬಿಟ್ಟು, ಚೆಂಡು ಬರೂ ದಾರಿ ಒಳಗ ನಿಂತ. ಜೆರಾರ್ಡ್ ತಿರುಗಾಕ ಆಗಲಿಲ್ಲ, ಬೆನ್ನು ಗೋಲಿನ ಕಡೆನ ಉಳೀತು. ಚೆಲ್ಸಿ 3-1. ಎಲ್ಲಾರೂ ಇವಾನೊವಿಚ್‌ನ ಎರಡು ಹೆಡರ್ ನೆನಪಿಡ್ತಾರ.

ಫಿಸಿಯೊ ಟೇಬಲ್

ಹೌದು, ಅದು ಗಾಯದಿಂದ ಬಂದ ಮರುತಿಂಗಳು! ಮೊದಲ ಸರ್ಜರಿಯಾದ ಮೇಲೆ ಅವನು ಮುಗಿದಿರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪಣಂಬೂರು ಪ್ರೆಸ್

ಮೇ 6ರ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಎಡಗಾಲಿನ ವಾಲಿ ಕೂಡ ಅದೇ ಸಮಯದ್ದು. 9ನೇ ನಿಮಿಷ, ಬಾರ್‌ಗೆ ಬಡಿದು ಒಳಗೆ. ಆದ್ರೆ ಇನಿಯೆಸ್ಟಾ ಗೋಲಿನ ಮೊದಲು ಬಾಕ್ಸಿನೊಳಗೆ ಚೆಂಡು ಸರಿಯಾಗಿ ಹೊರಗೆ ಹೊಡೆಯದೆ ಮೆಸ್ಸಿಗೆ ಸಿಕ್ಕಿದ್ದು ಯಾರಿಂದ? ಅದನ್ನೂ ಹೇಳಿ.

ಹಳೇಬ್ಲೂಸ್

ಆ ರಾತ್ರಿ ಬಗ್ಗೆ ಇಲ್ಲಿ ಮಾತು ಬೇಡ.

ಕೋರ್ಸಿಕಾ ಕನ್ನಡಿಗ

ಹೊಗಳಿಕೆ ಮಧ್ಯೆ ಲಿವರ್‌ಪೂಲ್‌ನ ಹ್ಯಾಮನ್ ಮೇಲಿನ ಟ್ಯಾಕಲ್ ಮರೆಯಬೇಡಿ. 2005ರ ಡಿಸೆಂಬರ್, ಲಿವರ್‌ಪೂಲ್ ಜೊತೆ 0-0. ಬೂಟಿನ ಮುಳ್ಳು ಸೀದಾ ಮೊಣಕಾಲಿಗೆ. ರೆಫ್ರಿ ಕಾರ್ಡೇ ಕೊಡಲಿಲ್ಲ, ಆಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ವಿಡಿಯೊ ನೋಡಿ ಎರಡು ಪಂದ್ಯ ನಿಷೇಧ ಹಾಕಿತು. ಆ ಎರಡೂ ಬಾರ್ಸಿಲೋನಾ ವಿರುದ್ಧದ ನಾಕೌಟ್ ಪಂದ್ಯಗಳು. ಚೆಲ್ಸಿ ಅಲ್ಲೇ ಔಟ್.

ಲಿಯೋನ್‌ನಲ್ಲಿ ಅವನು ಹೀಗೆ ಜಾರಿಕೊಂಡು ಹೋಗಿ ಕಸಿಯುವುದು ಕಡಿಮೆ. ಮಹಮದು ಡಿಯಾರಾ ಹಿಂದೆ ಇರ್ತಿದ್ದ, ಜೂನಿನ್ಹೊ ಪಕ್ಕದಲ್ಲಿ, ಇವನು ನಿಂತುಕೊಂಡೇ ಸೊಂಟ ಅಡ್ಡ ಹಾಕಿ ಚೆಂಡನ್ನ ತನ್ನ ಮೈಯ ಆಚೆ ಬದಿಗೆ ತಗೊಂಡುಬಿಡ್ತಿದ್ದ. ಎರಡು ಸೀಸನ್, ಎರಡು ಲೀಗ್ ಪಟ್ಟ. ನನ್ನ ಮಟ್ಟಿಗೆ ಅವನ ಜಾಗದ ಪ್ರಶ್ನೆಗೆ ಉತ್ತರ ಅದೇ ಮಿಡ್‌ಫೀಲ್ಡ್: ಹಿಂದೆ ಒಬ್ಬ ಗಟ್ಟಿಗ, ಪಕ್ಕದಲ್ಲಿ ಒಬ್ಬ ಪಾಸ್ ಕೊಡುವವ, ನಡುವೆ ಇವನು.

ಬಲಮಿಡ್

ಅಂತೂ ಒಬ್ಬರು ಒಪ್ಪಿದರು.

ಹಳೇಬ್ಲೂಸ್

ಮಕೆಲೆಲೆ ಹಿಂದೆ, ಲ್ಯಾಂಪಾರ್ಡ್ ಪಕ್ಕ. ಅದೇ ಅಲ್ವಾ ಚೆಲ್ಸಿಯಲ್ಲೂ ಇದ್ದಿದ್ದು? 2005-06ರಲ್ಲಿ 31 ಲೀಗ್ ಪಂದ್ಯ, ಪಟ್ಟ ಕೂಡ. ಆಮೇಲೆ ಇನ್ನೊಬ್ಬ ಮಿಡ್‌ಫೀಲ್ಡರ್ ಬಲ್ಲಾಕ್ ಬಂದ ಮೇಲೆ ಜಾಗದ ಗೊಂದಲ ಶುರು. ಬೈಯೋದಿದ್ದರೆ ಆ ಖರೀದಿಯನ್ನ ಬೈಯಿ. 2009-10ರಲ್ಲಿ ಆಂಚೆಲೊಟ್ಟಿ ವಜ್ರಾಕಾರದ ಮಿಡ್‌ಫೀಲ್ಡ್ ತಂದು ಇವನನ್ನ ತಳದಲ್ಲಿ ನಿಲ್ಲಿಸಿದಾಗ ಒಳ್ಳೇದೇ ಆಗಿತ್ತು, ಡಿಸೆಂಬರ್‌ಗೆ ಗಾಯವಾಯ್ತು. ಆ ಸೀಸನ್ ಚೆಲ್ಸಿ 103 ಗೋಲು ಹೊಡೆದು ಪಟ್ಟ ಗೆದ್ದಾಗ ಇವನ ಪಾಲಿಗೆ 14 ಪಂದ್ಯ.

ಕಂಠೀರವ ಗ್ಯಾಲರಿ

ಮ್ಯಾಡ್ರಿಡ್ ಆದಮೇಲೆ ಎಲ್ಲೆಲ್ಲಿ ಆಡಿದ? ಇಂಡೋನೇಷ್ಯಾ ಅಂತ ಕೇಳಿದ್ದೆ, ನಿಜಾನಾ?

ಲೆಕ್ಕದಪುಸ್ತಕ

ನಿಜ. 2014ರ ಜನವರಿಗೆ ಮಿಲಾನ್, 2015ಕ್ಕೆ ಗ್ರೀಸಿನ ಪನಾಥಿನೈಕೋಸ್, 2017ಕ್ಕೆ ಪೆರ್ಸಿಬ್ ಬಾಂಡುಂಗ್. ಆ ವರ್ಷ ಇಂಡೋನೇಷ್ಯಾ ಲೀಗ್ ದೊಡ್ಡ ಹೆಸರಿನ ಆಟಗಾರನನ್ನ ಮಾರ್ಕಿ ಅಂತ ತರಲು ಬಿಟ್ಟಿತ್ತು. 29 ಪಂದ್ಯ, 5 ಗೋಲು. ಆಮೇಲೆ 2019ರಲ್ಲಿ ಅಜರ್‌ಬೈಜಾನಿನ ಸಬಾಯಿಲ್. 2020ರಲ್ಲಿ ಡೆನ್ಮಾರ್ಕಿನ ನೋರ್ಡ್‌ಷೆಲಾಂಡ್‌ನಲ್ಲಿ ಕೋಚಿಂಗ್ ಶುರು ಮಾಡಿದ.

ಪಣಂಬೂರು ಪ್ರೆಸ್

ಅಲ್ಲಿಯೇ ಘಾನಾದ ಕುದುಸ್‌ನನ್ನ ತಯಾರು ಮಾಡಿದ್ದು ಅಲ್ವಾ?

ಕೋರ್ಸಿಕಾ ಕನ್ನಡಿಗ

ಇಲ್ಲ. ಕುದುಸ್ 2020ರ ಜುಲೈನಲ್ಲೇ ಅಯಾಕ್ಸ್‌ಗೆ ಹೋಗಿದ್ದ, ಎಸ್ಸಿಯೆನ್ ಬಂದಿದ್ದು ಅದಾದ ಮೇಲೆ. ಘಾನಾದ ರೈಟ್ ಟು ಡ್ರೀಮ್ ಅಕಾಡೆಮಿಯೇ 2015ರ ಕೊನೆಗೆ ಆ ಡ್ಯಾನಿಶ್ ಕ್ಲಬ್ಬನ್ನ ವಹಿಸಿಕೊಂಡಿತು. ಅಕಾಡೆಮಿಯಿಂದ ಹುಡುಗರು 18 ತುಂಬಿದ ಮೇಲೆ ಸೀದಾ ಆ ಕ್ಲಬ್ಬಿಗೆ ಹೋಗ್ತಾರೆ. ಮೇಲೆ ಹೇಳಿದ ಸಾಲಿಡಾರಿಟಿ ಕಾಗದದ ತಾಪತ್ರಯವೂ ಇಲ್ಲ, ನೋಂದಣಿ ಎಲ್ಲ ಅವರ ಕೈಯಲ್ಲೇ.

ಹೊಸಬ 23

ತಡವಾಗಿ ಬಂದೆ. ಹೈಲೈಟ್ಸ್ ಬಿಟ್ಟು ಪೂರ್ತಿ ಪಂದ್ಯ ನೋಡಬೇಕು ಅಂದ್ರೆ ಯಾವುದು ನೋಡಲಿ?

ಧಾರವಾಡ ಡಿಫೆಂಡರ್

ಆನ್‌ಫೀಲ್ಡ್ 2009. ಚೆಂಡು ನೋಡಬ್ಯಾಡ್ರಿ, ಜೆರಾರ್ಡ್‌ನ ನೋಡ್ರಿ. ಅವನ ಹತ್ರ ನೀಲಿ 5 ಕಾಣಸ್ತದ.

ಹಳೇಬ್ಲೂಸ್

ಆರ್ಸೆನಲ್, 2006 ಡಿಸೆಂಬರ್. ಗೋಲಿಗಿಂತ ಮೊದಲಿನ 80 ನಿಮಿಷ.

ಬಲಮಿಡ್

2006ರ ವಿಶ್ವಕಪ್, ಚೆಕ್ ಪಂದ್ಯ. ಅಲ್ಲಿ ಅವನಿಗೆ ರೈಟ್ ಬ್ಯಾಕ್‌ಗೆ ಹೋಗು ಅನ್ನುವವರು ಯಾರೂ ಇಲ್ಲ.

ಫಿಸಿಯೊ ಟೇಬಲ್

ಅದಾದ ಮೇಲೆ 2012ರ ಅಕ್ಟೋಬರ್ ಡಾರ್ಟ್‌ಮುಂಡ್ ಪಂದ್ಯ ಹಾಕಿ, ಮ್ಯಾಡ್ರಿಡ್ ಪರ ಲೆಫ್ಟ್ ಬ್ಯಾಕ್ ಆಡಿದ್ದು. ಒಳಕ್ಕೆ ತಿರುಗುವಾಗ ಎಷ್ಟು ಹೆಜ್ಜೆ ತಗೋತಾನೆ ಎಣಿಸಿ.

ಹಳೇಬ್ಲೂಸ್

ಬಲಗಾಲಿನವನನ್ನ ಎಡಗಡೆ ನಿಲ್ಲಿಸಿದರೆ ಎರಡೂ ಮೊಣಕಾಲು ಸರಿ ಇದ್ದವನೂ ಹೆಜ್ಜೆ ಜಾಸ್ತಿ ತಗೋತಾನೆ ಸ್ವಾಮಿ. ಮರು ವರ್ಷದ ಬೇರೆ ಪಂದ್ಯ ಹೇಳಿ, ಮಿಡ್‌ಫೀಲ್ಡ್ ಆಡಿದ್ದು.